ಕಮಲಾದೇವಿಯವರು ಸೋತ ಚುನಾವಣೆ

ಎರಡು ವರ್ಷಗಳ ಹಿಂದೆ ಈ ನಗರದಲ್ಲಿರುವ ನಮ್ಮವರ ಸಂಘವೊಂದರ ಕಾರ್ಯದರ್ಶಿ ಸ್ಥಾನಕ್ಕೆ ಮಹಿಳೆಯೊಬ್ಬರು ಉಮೇದುವಾರರಾಗಿ ನಿಂತಿದ್ದರು. ಸಂಘದ ಹೆಸರನ್ನಾಗಲಿ ಆ ಅಕ್ಕನವರ ಹೆಸರನ್ನಾಗಲಿ ಇಲ್ಲಿ ಬರೆಯುವುದು ಉಚಿತವಲ್ಲ. ಕಟ್ಟಡ ನಿಧಿಯ ಜಮಾ-ಖರ್ಚನ್ನು ವರ್ಷಕ್ಕೊಮ್ಮೆ ಸದಸ್ಯರೆಲ್ಲರ ಮುಂದೆ ಓದಬೇಕೆಂಬುದೊಂದೇ ಅವರ ಬೇಡಿಕೆಯಾಗಿದ್ದಿತು. ಅವರು 9 ಮತಗಳಿಂದ ಸೋತರು. ಸೋತ ಮರುವಾರವೇ ಸಂಘದ ಹಿರಿಯರು ಅವರ ಮನೆಗೆ ಹೋಗಿ, ಚುನಾವಣೆಯ ಗೊಡವೆಯೇ ಇಲ್ಲದೆ ಅರಿಶಿನ-ಕುಂಕುಮ ಸಮಿತಿಯ ಅಧ್ಯಕ್ಷತೆಯನ್ನು ವಹಿಸಿಕೊಳ್ಳುವಂತೆ ಕೇಳಿಕೊಂಡರು. ಆಕೆ ಅವರಿಗೆ ಕಾಫಿ ಕೊಟ್ಟು, ಆ ಮಾತಿಗೆ ಒಲ್ಲೆನೆಂದು ಕಳುಹಿಸಿದರು. ಆ 9 ಮತಗಳಲ್ಲಿ ಒಂದು ನಮ್ಮದು. ಗಂಡಸರು ರಾತ್ರಿ ಹತ್ತರ ತನಕ ಕುಳಿತು ವಾದಿಸುವ ಸಭೆಗಳಲ್ಲಿ ಹೆಂಗಸು ಏನು ಮಾಡಿಯಾಳು ಎಂದು ನಾವೂ ಅಂದು ಯೋಚಿಸಿದವರೇ. ಹೋಟೆಲು ನಡೆಸುವಾಗ ರಾತ್ರಿ ಹನ್ನೊಂದರವರೆಗೆ ಗಲ್ಲೆಯಲ್ಲಿ ಕುಳಿತು ಲೆಕ್ಕ ಮುಗಿಸುತ್ತಿದ್ದವರು ನಮ್ಮ ಮನೆಯವರೇ ಎಂಬುದು ಆಗ ನಮಗೆ ನೆನಪಾಗಲಿಲ್ಲ.

ಈ ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಇಂದು ನಾವು ಶ್ರೀಮತಿ ಕಮಲಾದೇವಿ ಚಟ್ಟೋಪಾಧ್ಯಾಯರ ಚರಿತ್ರೆಯನ್ನು ವಾಚಕರ ಮುಂದಿಡಲು ಹೊರಟಿದ್ದೇವೆ. ಕರಕುಶಲ ವಸ್ತುಗಳ ಮಳಿಗೆಗಳಲ್ಲಿ ಅವರ ಭಾವಚಿತ್ರವನ್ನು ಕಂಡವರು ನಮ್ಮಲ್ಲಿ ಅನೇಕರಿರಬಹುದು. ನೇಕಾರರ, ಕುಂಬಾರರ, ಕಂಚುಗಾರರ ತಾಯಿಯೆಂದು ಅವರನ್ನು ಬಲ್ಲವರೂ ಇರಬಹುದು. ಆದರೆ ಭಾರತದಲ್ಲಿ ಶಾಸನಸಭೆಯ ಸ್ಥಾನಕ್ಕಾಗಿ ಮತ ಯಾಚಿಸಿದ ಮೊದಲ ಸ್ತ್ರೀಯರ ಸಾಲಿನಲ್ಲಿ ಅಗ್ರಸ್ಥಾನ ಅವರದೆಂಬುದನ್ನೂ, ಅವರು ಮತ ಯಾಚಿಸಿದ್ದು ನಮ್ಮ ಮಂಗಳೂರಿನಲ್ಲಿ ಎಂಬುದನ್ನೂ, ಅಲ್ಲಿ ಸೋತ ಕೆಲವೇ ವಾರಗಳಲ್ಲಿ ಅವರ ಸಾರ್ವಜನಿಕ ಜೀವನದ ಬಹು ದೊಡ್ಡ ಅಧ್ಯಾಯವೊಂದು ಈ ಪುಣೆಯಲ್ಲಿಯೇ ಪ್ರಾರಂಭವಾಯಿತೆಂಬುದನ್ನೂ ಬಲ್ಲವರು ವಿರಳ.

ಕಮಲಾದೇವಿಯವರು 1903ನೆಯ ಏಪ್ರಿಲ್ 3ರಂದು ಮಂಗಳೂರಿನ ಚಿತ್ರಾಪುರ ಸಾರಸ್ವತ ಮನೆತನದಲ್ಲಿ ಜನಿಸಿದರು. ತಂದೆ ಅನಂತಯ್ಯ ಧಾರೇಶ್ವರರು ಸರಕಾರದ ಉನ್ನತಾಧಿಕಾರಿಗಳು, ತಾಯಿ ಗಿರಿಜಾಬಾಯಿಯವರು. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಬೀದಿಯಲ್ಲಿ ತುಳು. ಕರಾವಳಿಯಲ್ಲಿ ಹುಟ್ಟಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನಮ್ಮ ಪುಣೆಯ ರಮಾಬಾಯಿ ರಾನಡೆಯವರಂತಹ ಸುಧಾರಕರು ಈ ಮನೆತನಕ್ಕೆ ಪರಿಚಿತರಾಗಿದ್ದರು. ಕಮಲಾದೇವಿಯವರಿಗೆ 7 ವರ್ಷವಾದಾಗ ತಂದೆ ತೀರಿಕೊಂಡರು. ಮೃತ್ಯುಪತ್ರವಿರಲಿಲ್ಲ. ಆ ಕಾಲದ ಕಾಯಿದೆಯಂತೆ ಆಸ್ತಿಯೆಲ್ಲವೂ ತಂದೆಯ ಮೊದಲ ಸಂಬಂಧದ ಮಗನಿಗೆ ಸಂದಿತು. ಹೆಂಡತಿಗಾಗಲಿ ಹೆಣ್ಣುಮಕ್ಕಳಿಗಾಗಲಿ ಹಕ್ಕಿರಲಿಲ್ಲ, ಮಾಸಾಶನವೊಂದನ್ನು ಗೊತ್ತುಮಾಡಿದರು. ಗಿರಿಜಾಬಾಯಿಯವರು ಆ ಮಾಸಾಶನವನ್ನು ನಿರಾಕರಿಸಿ, ತವರಿನಿಂದ ತಂದಿದ್ದ ಸ್ತ್ರೀಧನದಿಂದಲೇ ಮಕ್ಕಳನ್ನು ಸಾಕಿದರು. ಹಕ್ಕಿನಿಂದ ಬಂದುದು ಬೇರೆ, ಕೃಪೆಯಿಂದ ಬಂದುದು ಬೇರೆ ಎಂಬ ಭೇದವನ್ನು ಮಗಳು ಕಲಿತದ್ದು ಶಾಲೆಯಲ್ಲಲ್ಲ, ಈ ಮನೆಯಲ್ಲಿ.

ಅಕ್ಕ ಸಗುಣಾ ಎಳೆಯ ಪ್ರಾಯದಲ್ಲಿಯೇ ತೀರಿಕೊಂಡರು. ಕಮಲಾದೇವಿಯವರಿಗೆ 14ನೆಯ ವಯಸ್ಸಿನಲ್ಲಿ, 1917ರಲ್ಲಿ, ಕೃಷ್ಣರಾಯರೆಂಬವರೊಡನೆ ವಿವಾಹವಾಯಿತು. 1919ರಲ್ಲಿ ವೈಧವ್ಯ ಪ್ರಾಪ್ತವಾಯಿತು. ಅಂದಿನ ಮಂಗಳೂರಿನಲ್ಲಿ ಬ್ರಾಹ್ಮಣ ಬಾಲವಿಧವೆಯ ಪಾಡು ಏನೆಂಬುದನ್ನು ಊಹಿಸಿಕೊಳ್ಳಬಹುದು. ಆದರೆ ಮನೆಯ ಹಿರಿಯರು ಅವರನ್ನು ಕತ್ತಲೆಯ ಕೋಣೆಗೆ ನೂಕದೆ ಮದರಾಸಿನ ಕ್ವೀನ್ ಮೇರೀಸ್ ಕಾಲೇಜಿಗೆ ಕಳುಹಿಸಿದರು. ಅಲ್ಲಿ ಸರೋಜಿನಿ ನಾಯ್ಡು ಅವರ ತಂಗಿ ಸುಹಾಸಿನಿಯವರ ಸ್ನೇಹವಾಯಿತು. ಆ ಸ್ನೇಹದ ಮೂಲಕ ಅವರ ಸಹೋದರ, ಕವಿಯೂ ನಟರೂ ಆದ ಹರೀಂದ್ರನಾಥ ಚಟ್ಟೋಪಾಧ್ಯಾಯರ ಪರಿಚಯವಾಗಿ, ಅದು ವಿವಾಹದಲ್ಲಿ ಪರ್ಯವಸಾನವಾಯಿತು. ವಿಧವೆಯ ಮರುಮದುವೆ, ಅದೂ ಬಂಗಾಲಿಯೊಡನೆ! ಊರಿನಲ್ಲಿ ಎದ್ದ ಗದ್ದಲವನ್ನು ಬಣ್ಣಿಸುವ ಅಗತ್ಯವಿಲ್ಲ. ದಂಪತಿಗಳಿಗೆ ರಾಮಕೃಷ್ಣನೆಂಬ ಒಬ್ಬನೇ ಮಗ. ಮುಂದೆ ಲಂಡನ್ನಿನ ಬೆಡ್‌ಫರ್ಡ್ ಕಾಲೇಜಿನಲ್ಲಿ ಸಮಾಜಶಾಸ್ತ್ರದ ವ್ಯಾಸಂಗ ಮಾಡಿದ ಕಮಲಾದೇವಿಯವರು, ಅಸಹಕಾರದ ಕರೆಗೆ ಓಗೊಟ್ಟು 1923ರಲ್ಲಿ ಸ್ವದೇಶಕ್ಕೆ ಮರಳಿ, ಹುಬ್ಬಳ್ಳಿಯ ಡಾ. ನಾ. ಸು. ಹರ್ಡೀಕರರು ಕಟ್ಟಿದ ಸೇವಾದಳದಲ್ಲಿ ಸ್ವಯಂಸೇವಿಕೆಯರನ್ನು ತರಬೇತುಗೊಳಿಸುವ ಕಾರ್ಯಕ್ಕೆ ತೊಡಗಿದರು.

ಇನ್ನು ಚುನಾವಣೆಯ ಮಾತಿಗೆ ಬರೋಣ. 1919ರ ಭಾರತ ಸರಕಾರದ ಕಾಯಿದೆಯು ಸ್ತ್ರೀಯರಿಗೆ ಮತಾಧಿಕಾರವನ್ನು ನೇರವಾಗಿ ಕೊಟ್ಟಿರಲಿಲ್ಲ. ಕೊಡುವುದನ್ನೂ ಬಿಡುವುದನ್ನೂ ಆಯಾ ಪ್ರಾಂತದ ಶಾಸನಸಭೆಗಳ ವಿವೇಚನೆಗೆ ಬಿಟ್ಟಿದ್ದಿತು. 1921ರಲ್ಲಿ ಮದರಾಸು ಪ್ರಾಂತವು ಮೊತ್ತಮೊದಲಾಗಿ ಆ ಬಾಗಿಲನ್ನು ತೆರೆಯಿತು. ಅದೇ ವರ್ಷ ಮುಂಬಯಿ ಪ್ರಾಂತವೂ ಹಿಂಬಾಲಿಸಿತು. ಆದರೆ ಅದು ಅರ್ಧ ತೆರೆದ ಬಾಗಿಲು. ಆಸ್ತಿ ಇದ್ದವರಿಗೆ, ತೆರಿಗೆ ಕೊಡುವವರಿಗೆ ಮಾತ್ರ ಮತ. ಹೆಣ್ಣಿನ ಹೆಸರಿನಲ್ಲಿ ಆಸ್ತಿ ಇದ್ದ ಮನೆಗಳೆಷ್ಟು? ವಂಶವೇ ಹೆಣ್ಣಿನಿಂದ ಸಾಗುವ ನಮ್ಮ ಅಳಿಯಸಂತಾನದ ಕುಟುಂಬಗಳಲ್ಲಿ ಕೂಡ ಕಾರುಬಾರು ಬಹುಮಟ್ಟಿಗೆ ಗಂಡಸು ಯಜಮಾನನ ಕೈಯಲ್ಲಿಯೇ ಇತ್ತು. ಮೇಲಾಗಿ, ಮತ ಹಾಕಲು ಅರ್ಹಳಾದ ಸ್ತ್ರೀಯೂ ಸ್ವತಃ ಸಭೆಯಲ್ಲಿ ಕುಳಿತುಕೊಳ್ಳುವಂತಿರಲಿಲ್ಲ. ಆ ನಿರ್ಬಂಧವು ಸಡಿಲವಾದುದು 1926ರಲ್ಲಿ. ಆ ವರ್ಷದ ಕೊನೆಗೇ ಚುನಾವಣೆ.

ಇಲ್ಲಿ ಮಾರ್ಗರೆಟ್ ಕಸಿನ್ಸ್ ಎಂಬ ಐರ್ಲೆಂಡಿನ ಮಹಿಳೆಯನ್ನು ಸ್ಮರಿಸದೆ ಮುಂದೆ ಸಾಗುವಂತಿಲ್ಲ. ತಮ್ಮ ದೇಶದಲ್ಲಿ ಸ್ತ್ರೀಮತಾಧಿಕಾರಕ್ಕಾಗಿ ಹೋರಾಡಿ ಸೆರೆಮನೆ ಕಂಡವರು. ಭಾರತಕ್ಕೆ ಬಂದು 1917ರಲ್ಲಿ ಅಡ್ಯಾರಿನಲ್ಲಿ ಭಾರತೀಯ ಮಹಿಳಾ ಸಂಘವನ್ನು ಕಟ್ಟಿದವರಲ್ಲಿ ಒಬ್ಬರು. 1919-20ರಲ್ಲಿ ಮಂಗಳೂರಿನ ರಾಷ್ಟ್ರೀಯ ಬಾಲಿಕಾ ಪಾಠಶಾಲೆಯ ಮೊದಲ ಮುಖ್ಯೋಪಾಧ್ಯಾಯಿನಿ. ಆದುದರಿಂದ ನಮ್ಮ ಊರು ಅವರಿಗೆ ಹೊಸದಾಗಿರಲಿಲ್ಲ. ಬಾಗಿಲು ತೆರೆದಿದೆ, ಆದರೆ ಒಳಗೆ ಕಾಲಿಡುವವರಾರೂ ಇಲ್ಲವೆಂದು ಲೋಕ ನಗಬಾರದೆಂಬ ಚಿಂತೆ ಅವರದು. ಅವರು ಕಮಲಾದೇವಿಯವರನ್ನು ಒತ್ತಾಯಿಸಿ ಕಣಕ್ಕಿಳಿಸಿದರು. ಕಮಲಾದೇವಿಯವರಿಗೆ ಆಗ 23 ವರ್ಷ. ಕೈಗೂಸು ದಾಟಿದ ಮಗನ ತಾಯಿ. ಪಕ್ಷದ ಬೆಂಬಲವಿಲ್ಲ, ಸ್ವತಂತ್ರ ಉಮೇದುವಾರಿಕೆ. ಪ್ರಚಾರಕ್ಕೆ ದೊರೆತ ಅವಧಿಯೂ ಬಲು ಕಿರಿದು.

ಆಗಿನ ದಕ್ಷಿಣ ಕನ್ನಡ ಜಿಲ್ಲೆಯೆಂದರೆ ಕಾಸರಗೋಡಿನಿಂದ ಕುಂದಾಪುರದ ಆಚೆಯವರೆಗೆ ಹಬ್ಬಿದ ಸೀಮೆ. ಹೆಜ್ಜೆಹೆಜ್ಜೆಗೂ ಹೊಳೆ, ಹೊಳೆಗೊಂದು ಕಡವು; ಸೇತುವೆಗಳು ಅಪರೂಪ. ಮತದಾರರ ಪಟ್ಟಿಯಲ್ಲಿದ್ದವರು ಬಹುತೇಕ ಭೂಮಾಲಿಕರು, ವಕೀಲರು, ವ್ಯಾಪಾರಿಗಳು, ಅಂದರೆ ಗಂಡಸರು. ಹೆಂಗಸೊಬ್ಬಳು ಅಂಗಳಕ್ಕೆ ಬಂದು ಕೈಮುಗಿದು ಮತ ಕೇಳುವ ದೃಶ್ಯವನ್ನು ಅವರಾರೂ ಹಿಂದೆ ಕಂಡಿರಲಿಲ್ಲ. ಫಲಿತಾಂಶ ಹೊರಬಿದ್ದಾಗ ಕಮಲಾದೇವಿಯವರು ಸೋತಿದ್ದರು. ಅಂತರವು ಕೇವಲ 55 ಮತಗಳೆಂದು ಅವರ ಚರಿತ್ರಕಾರರು ಬರೆಯುತ್ತಾರೆ.

ಇಷ್ಟು ಅಲ್ಪಾವಧಿಯಲ್ಲಿ, ಗಂಡಸರ ಮತಗಳನ್ನೇ ಆಶ್ರಯಿಸಿ, ಗೆಲುವಿನ ಹೊಸ್ತಿಲವರೆಗೆ ಬಂದುದನ್ನು ಸೋಲೆಂದು ಕರೆಯಲು ನಮಗೆ ಮನಸ್ಸು ಬಾರದು. ಆದರೂ ಸೋಲು ಸೋಲೇ. ಗೆದ್ದವರು ಸಭೆಗೆ ಹೋದರು, ಇವರು ಮನೆಗೆ ಬಂದರು. ಮುಂದಿನ ವರ್ಷ, 1927ರಲ್ಲಿ, ಸರಕಾರವು ಡಾ. ಮುತ್ತುಲಕ್ಷ್ಮಿ ರೆಡ್ಡಿಯವರನ್ನು ಮದರಾಸು ಶಾಸನ ಪರಿಷತ್ತಿಗೆ ನಾಮಕರಣ ಮಾಡಿತು. ಅವರು ಉಪಾಧ್ಯಕ್ಷರೂ ಆದರು. ಆ ಮಹನೀಯೆಯ ಸೇವೆ ಅಸಾಮಾನ್ಯವಾದುದು. 1930ರಲ್ಲಿ ಗಾಂಧೀಜಿಯವರ ಬಂಧನವನ್ನು ಪ್ರತಿಭಟಿಸಿ ಅವರು ಆ ಸ್ಥಾನವನ್ನೇ ತ್ಯಜಿಸಿದರು. ಆದರೆ ನಾಮಕರಣದ ಮಾರ್ಗವೇ ಬೇರೆ, ಹೊಳೆ ದಾಟಿ ಮತ ಕೇಳುವ ಮಾರ್ಗವೇ ಬೇರೆ.

ಹೀಗೆ ಸೋತವರು ಇತರ ಖಂಡಗಳಲ್ಲಿಯೂ ಉಂಟು. ಪೂರ್ವ ಆಫ್ರಿಕದ ಕೆನ್ಯಾ ದೇಶದ ವಂಗಾರಿ ಮಾಥಾಯ್ ಎಂಬ ವಿದುಷಿಯು 1982ರಲ್ಲಿ ಪಾರ್ಲಿಮೆಂಟಿಗೆ ನಿಲ್ಲುವುದಕ್ಕಾಗಿ ನೈರೋಬಿ ವಿಶ್ವವಿದ್ಯಾಲಯದ ತಮ್ಮ ಉದ್ಯೋಗಕ್ಕೆ ರಾಜೀನಾಮೆಯಿತ್ತರು. ಮತದಾರರ ನೋಂದಣಿಯ ನೆಪವೊಡ್ಡಿ ಅವರ ಉಮೇದುವಾರಿಕೆಯನ್ನು ತಳ್ಳಿಹಾಕಲಾಯಿತು. ಬಿಟ್ಟ ಉದ್ಯೋಗವೂ ಮರಳಿ ಸಿಗಲಿಲ್ಲ. 1997ರಲ್ಲಿ ಮತ್ತೆ ಸ್ಪರ್ಧಿಸಿ ಸೋತರು. 2002ರಲ್ಲಿ ತಮ್ಮ ತೇತು ಕ್ಷೇತ್ರದಿಂದ ಅಗಾಧ ಬಹುಮತದಿಂದ ಆಯ್ಕೆಯಾದರು. 2004ರಲ್ಲಿ ನೊಬೆಲ್ ಶಾಂತಿ ಪಾರಿತೋಷಿಕವೂ ಬಂದಿತು. ಅಧಿಕಾರದಲ್ಲಿದ್ದವರು ನಗರದ ಉದ್ಯಾನವನದಲ್ಲಿ ಗಗನಚುಂಬಿ ಕಟ್ಟಡವೆಬ್ಬಿಸಲು ಹೊರಟಾಗ ಅದನ್ನು ಎದುರಿಸಿ ನಿಂತವರು ಅವರೇ. ಲೆಕ್ಕ ಕೇಳುವ ಹೆಂಗಸು ಎಲ್ಲಿಯೂ ಸುಲಭವಾಗಿ ಗೆಲ್ಲುವುದಿಲ್ಲವೆಂದು ತೋರುತ್ತದೆ.

ಇರಲಿ. ಮಂಗಳೂರಿನ ಸೋಲು 1926ರ ಕೊನೆಯದು; 1927ರ ಜನವರಿಯಲ್ಲಿ ಕಮಲಾದೇವಿಯವರು ಪುಣೆಯಲ್ಲಿದ್ದರು. ಬಂಗಾಲದ ವಿದ್ಯಾಧಿಕಾರಿಯೊಬ್ಬರು ಕಲಕತ್ತೆಯ ಬೆಥೂನ್ ಕಾಲೇಜಿನ ಸಮಾರಂಭದಲ್ಲಿ, ಹೆಣ್ಣುಮಕ್ಕಳಿಗೆ ಎಂತಹ ವಿದ್ಯೆ ಬೇಕೆಂಬುದನ್ನು ಹೆಂಗಸರೇ ಒಕ್ಕೊರಲಿನಿಂದ ತಿಳಿಸಲಿ ಎಂಬ ಅಭಿಪ್ರಾಯವನ್ನು ಸೂಚಿಸಿದ್ದರು. ಕಸಿನ್ಸ್ ಅವರು ಆ ಮಾತನ್ನು ಹಿಡಿದು ದೇಶದ ಮೂಲೆಮೂಲೆಯ ಮಹಿಳಾ ಸಂಘಗಳಿಗೆ ಪತ್ರ ಬರೆದರು. ಅದರ ಫಲವಾಗಿ ಅಖಿಲ ಭಾರತ ಮಹಿಳಾ ಪರಿಷತ್ತಿನ ಪ್ರಥಮ ಅಧಿವೇಶನವು ನಮ್ಮ ಫರ್ಗ್ಯುಸನ್ ಕಾಲೇಜಿನಲ್ಲಿ ಸೇರಿತು. ಬಡೋದೆಯ ಮಹಾರಾಣಿ ಚಿಮಣಾಬಾಯಿಯವರು ಅಧ್ಯಕ್ಷತೆ ವಹಿಸಿದ್ದರು. ಮಂಗಳೂರಿನಲ್ಲಿ ಸೋತು ಬಂದ ತರುಣಿಯ ಹೆಗಲಿಗೆ ಈ ಹೊಸ ಸಂಸ್ಥೆಯ ಸಂಘಟನಾ ಕಾರ್ಯದರ್ಶಿತ್ವದ ಭಾರ ಬಿದ್ದಿತು.

ಫರ್ಗ್ಯುಸನ್ ಕಾಲೇಜಿನ ರಸ್ತೆಯೆಂದರೆ ನಮ್ಮ ಜನರಿಗೆ ಇಡ್ಲಿ, ದೋಸೆ, ಕಾಫಿಯ ರಸ್ತೆ. ಅಲ್ಲಿನ ಉಪಾಹಾರಗೃಹಗಳಲ್ಲಿ ಮೇಜು ಒರೆಸಿ, ರಾತ್ರಿಶಾಲೆಯಲ್ಲಿ ಎಸ್‌.ಎಸ್‌.ಎಲ್‌.ಸಿ. ಮುಗಿಸಿದ ನಮ್ಮಂಥವರು ಎಷ್ಟೋ ಮಂದಿ. ದಿನಕ್ಕೆ ನಾಲ್ಕು ಸಲ ಆ ಹೆಬ್ಬಾಗಿಲ ಮುಂದೆ ಹಾಯುತ್ತಿದ್ದ ನಮಗೆ, ನಮ್ಮದೇ ಜಿಲ್ಲೆಯ ಹೆಣ್ಣುಮಗಳೊಬ್ಬಳು ಅಲ್ಲಿಂದ ದೇಶದ ಸ್ತ್ರೀಯರ ಸಂಘಟನೆಗೆ ಹೊರಟಳೆಂಬ ವಾರ್ತೆ ತಿಳಿಯಲು ನಲವತ್ತು ವರ್ಷ ವಯಸ್ಸಾಗಬೇಕಾಯಿತು.

ಆ ಪರಿಷತ್ತು ಮೊದಲು ವಿದ್ಯೆಯ ಪ್ರಶ್ನೆಯನ್ನೇ ಕೈಗೆತ್ತಿಕೊಂಡಿದ್ದರೂ, 14ನೆಯ ವಯಸ್ಸಿಗೆ ಮದುವೆಯಾಗುವ ಹುಡುಗಿ ಶಾಲೆಯಲ್ಲಿ ಉಳಿಯುವುದೆಂತು ಎಂಬ ಪ್ರಶ್ನೆ ತಾನಾಗಿಯೇ ಎದುರಾಯಿತು. ಕಮಲಾದೇವಿಯವರಿಗೆ ಅದನ್ನು ಬೇರೆಯವರು ಹೇಳಬೇಕಾಗಿರಲಿಲ್ಲ. ಅವರು ಪ್ರಾಂತ ಪ್ರಾಂತಗಳನ್ನು ಸುತ್ತಿ ಶಾಖೆಗಳನ್ನು ಕಟ್ಟಿದರು. ಬಾಲ್ಯವಿವಾಹ ಪ್ರತಿಬಂಧದ ಶಾರದಾ ಕಾಯಿದೆಯ ಪರವಾಗಿ ಪರಿಷತ್ತು ಜನಾಭಿಪ್ರಾಯವನ್ನು ರೂಪಿಸಿತು. ಆ ಕಾಯಿದೆ 1929ರಲ್ಲಿ ಅಂಗೀಕೃತವಾಯಿತು. ದಿಲ್ಲಿಯಲ್ಲಿ 1932ರಲ್ಲಿ ಪ್ರಾರಂಭವಾದ ಲೇಡಿ ಅರ್ವಿನ್ ಕಾಲೇಜು ಕೂಡ ಈ ಪರಿಷತ್ತಿನ ಯತ್ನದ ಫಲವೇ.

1930ರ ಮಾರ್ಚ್ 12ರಂದು ಗಾಂಧೀಜಿಯವರು ಸಾಬರಮತಿಯಿಂದ ದಂಡಿಯಾತ್ರೆ ಹೊರಟಾಗ ಅವರ ತಂಡದಲ್ಲಿ ಒಬ್ಬ ಹೆಂಗಸೂ ಇರಲಿಲ್ಲ. ಹೆಂಗಸರಿಗೆ ಮದ್ಯದಂಗಡಿ ಹಾಗೂ ವಿದೇಶಿ ಬಟ್ಟೆಯಂಗಡಿಗಳ ಮುಂದೆ ಧರಣಿ ಕೂರುವ ಕೆಲಸ ಸಾಕೆಂಬುದು ಮಹಾತ್ಮರ ವಿಚಾರವಾಗಿದ್ದಿತು. ಇದು ಕಮಲಾದೇವಿಯವರಿಗೆ ಒಪ್ಪಿಗೆಯಾಗಲಿಲ್ಲ. ದಾರಿಯ ನಡುವೆಯೇ ಹೋಗಿ ಮಹಾತ್ಮರನ್ನು ಕಂಡು, ಉಪ್ಪು ಮನೆಮನೆಯ ಒಲೆಯ ಮುಂದಿನ ಪದಾರ್ಥವಾಗಿರುವಾಗ ಉಪ್ಪಿನ ಕಾಯಿದೆ ಮುರಿಯುವ ಅಧಿಕಾರ ಹೆಂಗಸರಿಗೇಕಿಲ್ಲವೆಂದು ವಾದಿಸಿ, ಅವರ ಅನುಮತಿ ಪಡೆದೇ ಹಿಂತಿರುಗಿದರು. ಮುಂಬಯಿಯಲ್ಲಿ ಉಪ್ಪು ತಯಾರಿಸಲು ನೇಮಿತವಾದ ಏಳು ಮಂದಿಯ ತಂಡದಲ್ಲಿ ಕಮಲಾದೇವಿಯವರೂ ಅವಂತಿಕಾಬಾಯಿ ಗೋಖಲೆಯವರೂ ಇದ್ದರು. ಚೌಪಾಟಿಯ ಮರಳಿನ ಮೇಲೆ ಒಲೆ ಹೂಡಿ ಕಾಯಿಸಿದ ಉಪ್ಪನ್ನು ಪೊಟ್ಟಣ ಕಟ್ಟಿ, ಷೇರುಪೇಟೆಯ ಒಳಹೊಕ್ಕು ಮಾರಿದರು. ನೂಕುನುಗ್ಗಲಿನಲ್ಲಿ ರಾಷ್ಟ್ರಧ್ವಜವನ್ನು ಕಸಿಯಲು ಬಂದವರ ಕೈಗೆ ಕೊಡದೆ ಅಪ್ಪಿ ಹಿಡಿದುಕೊಂಡ ಪ್ರಸಂಗವು ದೇಶವ್ಯಾಪಿ ಪ್ರಸಿದ್ಧವಾಯಿತು. ಶಿಕ್ಷೆಯೂ ಆಯಿತು, ಒಂದು ವರ್ಷಕ್ಕೆ ಸಮೀಪದ ಕಾಲ ಸೆರೆವಾಸ. ಮುಂದೆಯೂ ಅನೇಕ ಬಾರಿ ಅವರು ಕಾರಾಗೃಹವನ್ನು ಕಂಡರು.

ಇದೇ ವರ್ಷಗಳಲ್ಲಿ ಅವರ ಸಂಸಾರ ಒಡೆಯಿತು. ವಿಚ್ಛೇದನಕ್ಕಾಗಿ ನ್ಯಾಯಾಲಯಕ್ಕೆ ಹೋದವರು ಕಮಲಾದೇವಿಯವರೇ. ಇದನ್ನು ಹಿಡಿದು ಆಡಿಕೊಂಡವರಿಗೆ ಅವರು ಉತ್ತರ ಕೊಡುವ ಗೋಜಿಗೆ ಹೋಗಲಿಲ್ಲ. ಕುಲೀನ ಮನೆತನದ ಸ್ತ್ರೀಯರು ಚಲಚ್ಚಿತ್ರದಲ್ಲಿ ನಟಿಸುವುದು ಅಪಕೀರ್ತಿಯೆಂದು ಭಾವಿಸುತ್ತಿದ್ದ ಕಾಲದಲ್ಲಿ, ಮೋಹನ ಭವನಾನಿಯವರು ನಿರ್ದೇಶಿಸಿದ ಮೃಚ್ಛಕಟಿಕ ಎಂಬ ಮೂಕಚಿತ್ರದಲ್ಲಿ ಅಭಿನಯಿಸಿದರೆಂಬುದನ್ನೂ ಇಲ್ಲಿ ಹೇಳಿಬಿಡೋಣ. ಅದು 1931ರಲ್ಲಿ ತೆರೆಕಂಡಿತು.

ಚುನಾವಣೆಯ ವಿಷಯದಲ್ಲಿ ಅಂದು ಎದ್ದಿದ್ದ ದೊಡ್ಡ ವಿವಾದವೆಂದರೆ ಸ್ತ್ರೀಯರಿಗೆ ಮೀಸಲು ಸ್ಥಾನ ಬೇಕೇ ಬೇಡವೇ ಎಂಬುದು. ಅಖಿಲ ಭಾರತ ಮಹಿಳಾ ಪರಿಷತ್ತು ಇತರ ಮಹಿಳಾ ಸಂಸ್ಥೆಗಳೊಡನೆ ಸೇರಿ 1931ರಲ್ಲಿ ಸ್ಪಷ್ಟವಾದ ನಿಲುವನ್ನು ಮುಂದಿಟ್ಟಿತು: ವಯಸ್ಕರೆಲ್ಲರಿಗೂ ಮತಾಧಿಕಾರ ಬೇಕು, ಮೀಸಲು ಸ್ಥಾನ, ನಾಮಕರಣ, ಗಂಡನ ಆಸ್ತಿಯ ಬಲದಿಂದ ಹೆಂಡತಿಗೆ ಮತ, ಇವು ಯಾವುವೂ ಬೇಡ. ಸ್ವಾರಸ್ಯವೆಂದರೆ, ಇದಕ್ಕೆ ವಿರುದ್ಧವಾಗಿ ಮೀಸಲು ಸ್ಥಾನಕ್ಕಾಗಿ ವಾದಿಸಿದವರಲ್ಲಿಯೂ ಮಂಗಳೂರಿನ ಮಗಳೊಬ್ಬರಿದ್ದರು. ದಲಿತೋದ್ಧಾರಕ ಕುದ್ಮುಲ್ ರಂಗರಾಯರ ಪುತ್ರಿ ರಾಧಾಬಾಯಿ ಸುಬ್ಬರಾಯನ್ ಅವರು 1930ರ ದುಂಡುಮೇಜಿನ ಪರಿಷತ್ತಿಗೆ ಹೋದವರು. ಮೀಸಲಿಲ್ಲದಿದ್ದರೆ ಪುರುಷರ ಪಕ್ಷಗಳು ಸ್ತ್ರೀಯರನ್ನು ನಿಲ್ಲಿಸಲಾರವು, ನಿಲ್ಲಿಸಿದರೂ ಗೆಲ್ಲಿಸಲಾರವು ಎಂಬುದು ಅವರ ತರ್ಕ. ಅವರೇ 1938ರಲ್ಲಿ ಕೇಂದ್ರದ ರಾಜ್ಯ ಪರಿಷತ್ತಿಗೆ ಆಯ್ಕೆಯಾದ ಪ್ರಥಮ ಮಹಿಳೆಯಾದರು.

ಕಮಲಾದೇವಿಯವರ ಪರಿಷತ್ತಿನ ನಿಲುವು ಸ್ವಾಭಿಮಾನದ್ದೆಂಬುದರಲ್ಲಿ ಸಂಶಯವಿಲ್ಲ. ಆದರೆ ಈ ಒಂದು ವಿಷಯದಲ್ಲಿ ಕಾಲವು ರಾಧಾಬಾಯಿಯವರ ಪಕ್ಷವನ್ನೇ ವಹಿಸಿತೆಂದು ನಾವು ಹೇಳಬೇಕಾಗಿದೆ. 1992ರ ಸಂವಿಧಾನ ತಿದ್ದುಪಡಿಯಿಂದ ಪಂಚಾಯತಿ, ಪುರಸಭೆಗಳಲ್ಲಿ ಮೂರನೆಯ ಒಂದು ಭಾಗ ಸ್ತ್ರೀಯರಿಗೆ ಮೀಸಲಾಯಿತು. ಮಹಾರಾಷ್ಟ್ರವು 2011ರಲ್ಲಿ ಅದನ್ನು ಅರ್ಧಕ್ಕೇರಿಸಿತು. ಲೋಕಸಭೆ, ವಿಧಾನಸಭೆಗಳಿಗೆ ಅನ್ವಯಿಸುವ ತಿದ್ದುಪಡಿ 2023ರಲ್ಲಿ ಅಂಗೀಕಾರವಾಯಿತು. ಮೀಸಲಿಲ್ಲದೆ ಇಷ್ಟು ಮಂದಿ ಹೆಣ್ಣುಮಕ್ಕಳು ನಗರಸಭೆಯ ಮೆಟ್ಟಿಲು ಹತ್ತುತ್ತಿರಲಿಲ್ಲ. ಆದರೆ ನಮ್ಮ ಪೇಠೆಗಳಲ್ಲಿ ಚುನಾವಣೆಯ ಕಾಲದಲ್ಲಿ ಅಂಟಿಸುವ ಫಲಕಗಳನ್ನು ನೋಡಿರಿ: ಉಮೇದುವಾರಿಣಿಯ ಚಿತ್ರಕ್ಕಿಂತ ಆಕೆಯ ಪತಿಯ ಚಿತ್ರವೇ ದೊಡ್ಡದಾಗಿರುವುದುಂಟು. ಅದನ್ನು ಕಂಡಾಗ, ಕೃಪೆಯಿಂದ ಬಂದ ಸ್ಥಾನ ಬೇಡವೆಂದ ಕಮಲಾದೇವಿಯವರ ಪೀಳಿಗೆಗೆ ಏನು ಭಯವಿತ್ತೆಂಬುದೂ ಅರ್ಥವಾಗುತ್ತದೆ.

ಕಾಂಗ್ರೆಸ್ಸಿನೊಳಗೆ 1934ರಲ್ಲಿ ಸಮಾಜವಾದಿಗಳ ಪಕ್ಷ ಹುಟ್ಟಿದಾಗ ಕಮಲಾದೇವಿಯವರು ಅದನ್ನು ಸೇರಿದರು. 1936ರಲ್ಲಿ ಮೀರತ್ತಿನ ಸಮ್ಮೇಲನಕ್ಕೆ ಅವರೇ ಅಧ್ಯಕ್ಷರು. ಜಯಪ್ರಕಾಶ ನಾರಾಯಣರಂತಹ ಧುರೀಣರಿದ್ದ ಪಕ್ಷದಲ್ಲಿ ಆ ಪೀಠ ಅವರಿಗೆ ಯಾವ ಮೀಸಲಿನಿಂದಲೂ ಬಂದುದಲ್ಲ.

ಇನ್ನೊಂದು ಪ್ರಸಂಗವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಮಹಾಯುದ್ಧ ಪ್ರಾರಂಭವಾದ ಕಾಲದಲ್ಲಿ ವಿದೇಶದಲ್ಲಿದ್ದ ಅವರು ಅಮೆರಿಕೆಯಲ್ಲಿ ಬಹುಕಾಲ ಸಂಚರಿಸಿ ಭಾರತದ ಸ್ವಾತಂತ್ರ್ಯದ ಪರವಾಗಿ ಉಪನ್ಯಾಸಗಳನ್ನು ಕೊಟ್ಟರು. 1941ರಲ್ಲಿ ಆ ದೇಶದ ದಕ್ಷಿಣ ಭಾಗದ ಲೂಸಿಯಾನಾ ಸಂಸ್ಥಾನದಲ್ಲಿ ರೈಲು ಪ್ರಯಾಣ ಮಾಡುತ್ತಿದ್ದಾಗ, ಅವರು ಕುಳಿತಿದ್ದ ಡಬ್ಬಿ ಬಿಳಿಯರದಾಗಿತ್ತು. ಟಿಕೇಟು ತಪಾಸಣೆಯವನು ಬಂದು ಬೇರೆ ಡಬ್ಬಿಗೆ ಹೋಗುವಂತೆ ಆಜ್ಞಾಪಿಸಿದ. ಅವರು ಕದಲಲಿಲ್ಲ. ಆತ ಹೋಗಿ, ಈಕೆ ನೀಗ್ರೋ ಜನಾಂಗದವಳಲ್ಲ, ಪರದೇಶದವಳು ಎಂಬ ಸಂಶಯದಿಂದ ಮತ್ತೆ ಬಂದು, ಯಾವ ನಾಡಿನವಳೆಂದು ವಿಚಾರಿಸಿದ. ಭಾರತದವಳೆಂದು ಒಂದು ಮಾತು ಹೇಳಿದ್ದರೆ ಸಾಕಾಗಿತ್ತು. ಪರದೇಶದ ಅತಿಥಿಗೆ ವಿನಾಯಿತಿ ಸಿಗುತ್ತಿತ್ತು. ಕಮಲಾದೇವಿಯವರು ಮೊದಲು ನ್ಯೂಯಾರ್ಕಿನಿಂದ ಬಂದವಳೆಂದರು. ಆತ ಪಟ್ಟು ಬಿಡದಿದ್ದಾಗ, ತಾನು ಕಪ್ಪುವರ್ಣದ ಸ್ತ್ರೀ ಎಂಬುದು ಕಣ್ಣಿಗೆ ಕಾಣುತ್ತಿದೆ, ಎದ್ದು ಹೋಗುವ ಉದ್ದೇಶ ತನಗಿಲ್ಲ ಎಂಬರ್ಥದ ಉತ್ತರ ಕೊಟ್ಟರು. ತಪಾಸಣೆಯವನು ಗೊಣಗುತ್ತ ಹೋದ. ಮಾಂಟ್‌ಗೊಮರಿಯಲ್ಲಿ ರೋಸಾ ಪಾರ್ಕ್ಸ್ ಬಸ್ಸಿನಲ್ಲಿ ಎದ್ದೇಳಲು ನಿರಾಕರಿಸಿದ್ದು ಇದಕ್ಕೆ 14 ವರ್ಷಗಳ ನಂತರ, 1955ರಲ್ಲಿ. ತನಗೊಬ್ಬಳಿಗೇ ದೊರೆಯುವ ರಿಯಾಯತಿಯನ್ನು ಬಿಟ್ಟು ಅಲ್ಲಿಯ ಕಪ್ಪು ಜನರ ಜೊತೆ ತನ್ನನ್ನು ಎಣಿಸಿಕೊಂಡ ಈ ನಡತೆಯನ್ನು, ಪರಪ್ರಾಂತದಲ್ಲಿ ಬದುಕುವ ನಮ್ಮಂತಹವರು ಎರಡು ಸಲ ಓದಿಕೊಳ್ಳುವುದು ಒಳ್ಳೆಯದು.

1946ರಲ್ಲಿ ನೆಹರೂ ಅವರು ಕಾಂಗ್ರೆಸ್ಸಿನ ಅಧ್ಯಕ್ಷರಾದಾಗ ಕಮಲಾದೇವಿಯವರನ್ನು ಕಾರ್ಯಕಾರಿ ಸಮಿತಿಗೆ ತೆಗೆದುಕೊಂಡರು. ಆದರೆ ಸಂವಿಧಾನ ಸಭೆಯ 15 ಮಂದಿ ಸ್ತ್ರೀಸದಸ್ಯರ ಪಟ್ಟಿಯಲ್ಲಿ ಅವರ ಹೆಸರು ಕಾಣಸಿಗದು. ಅವರ ಸಮಾಜವಾದಿ ಪಕ್ಷವು ಆ ಸಭೆಯಿಂದ ದೂರ ಉಳಿದಿದ್ದಿತು. ಅವರಿಗಿಂತ ಕಿರಿಯ ಸೇವೆಯವರು ಒಳಗಿದ್ದರು. 1948ರಲ್ಲಿ ಸಮಾಜವಾದಿಗಳು ಕಾಂಗ್ರೆಸ್ಸನ್ನೇ ಬಿಟ್ಟರು. ಸ್ವಾತಂತ್ರ್ಯಕ್ಕಾಗಿ ಸೆರೆಮನೆ ಕಂಡ ಹಲವರು ಮಂತ್ರಿಗಳೂ ರಾಜ್ಯಪಾಲರೂ ರಾಯಭಾರಿಗಳೂ ಆಗಿ ಬಂಗಲೆಗಳನ್ನು ಸೇರಿದ ಆ ವರ್ಷಗಳಲ್ಲಿ ಕಮಲಾದೇವಿಯವರು ನಿರಾಶ್ರಿತರ ಡೇರೆಗಳಿಗೆ ಹೋದರು. 1948ರಲ್ಲಿ ಭಾರತೀಯ ಸಹಕಾರ ಸಂಘವನ್ನು ಸ್ಥಾಪಿಸಿ, ದಿಲ್ಲಿಯ ಹೊರವಲಯದ ಛತರ್‌ಪುರದಲ್ಲಿ ನಿರಾಶ್ರಿತ ಕುಟುಂಬಗಳನ್ನು ಸಹಕಾರಿ ಬೇಸಾಯಕ್ಕೆ ಹಚ್ಚಿದರು. ವಾಯವ್ಯ ಗಡಿನಾಡಿನಿಂದ ಮನೆಮಾರು ಕಳೆದುಕೊಂಡು ಬಂದ ಸಾವಿರಾರು ಪಠಾಣ ಸೀಮೆಯ ಹಿಂದುಗಳಿಗಾಗಿ ಫರೀದಾಬಾದು ನಗರವೆದ್ದಾಗ, ಅವರು ಭಿಕ್ಷೆಯ ಅನ್ನ ತಿನ್ನದೆ ತಮ್ಮ ಕೈಯಿಂದಲೇ ಮನೆ ಕಟ್ಟಿಕೊಂಡು ಕೂಲಿ ಪಡೆಯುವಂತೆ ಯೋಜಿಸಿದವರಲ್ಲಿ ಇವರೂ ಒಬ್ಬರು.

1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿ ಸ್ಥಾಪಿತವಾದಾಗ ಅದರ ಅಧ್ಯಕ್ಷತೆಯನ್ನು ಮಾತ್ರ ಅವರು ಒಪ್ಪಿಕೊಂಡರು. ಇದು ಮಂತ್ರಿಪದವಿಯಂತೆ ಕೆಂಪುದೀಪದ ಮೋಟಾರಿನ ಸ್ಥಾನವಲ್ಲ. ಎತ್ತಿನ ಗಾಡಿಯೂ ಹೋಗದ ಊರುಗಳಿಗೆ ಕಾಲ್ನಡಿಗೆಯಲ್ಲಿ ಹೋಗಿ, ಮಗ್ಗ ಮೂಲೆಗೆಸೆದು ಕೂಲಿಗೆ ಹೊರಟ ನೇಕಾರನನ್ನು ಮರಳಿ ಮಗ್ಗಕ್ಕೆ ಕರೆತರುವ ಕೆಲಸ. ಆಂಧ್ರದ ಕಲಂಕಾರಿಯಂತಹ ವಿದ್ಯೆಗಳು ಅಳಿದುಹೋಗದೆ ಉಳಿದುದರಲ್ಲಿ ಅವರ ಪಾಲು ದೊಡ್ಡದು. 1964ರಲ್ಲಿ ಮಾಯಾ ರಾವ್ ಅವರ ಕಥಕ್ ನೃತ್ಯಸಂಸ್ಥೆ ಪ್ರಾರಂಭವಾದುದಕ್ಕೂ ಅವರದೇ ಪ್ರೋತ್ಸಾಹ. 1955ರಲ್ಲಿ ಪದ್ಮಭೂಷಣ, 1966ರಲ್ಲಿ ಮ್ಯಾಗ್ಸೆಸೆ ಪಾರಿತೋಷಿಕ, 1987ರಲ್ಲಿ ಪದ್ಮವಿಭೂಷಣ ಬಂದವು. ಆತ್ಮಕಥೆಯನ್ನು 1986ರಲ್ಲಿ, 83ನೆಯ ವಯಸ್ಸಿನಲ್ಲಿ, ಪ್ರಕಟಿಸಿದರು. 1988ನೆಯ ಅಕ್ಟೋಬರ್ 29ರಂದು ಮುಂಬಯಿಯಲ್ಲಿ ಕಾಲವಾದರು.

ಈ ಲೇಖನವನ್ನು ಬರೆಯುತ್ತಿರುವಾಗ, ಮೊದಲು ಹೇಳಿದ ಸಂಘದ ಚುನಾವಣೆಯ ಸೂಚನಾಪತ್ರವು ನಮ್ಮ ಕಚೇರಿಗೆ ಬಂದಿದೆ. ಕಾರ್ಯದರ್ಶಿ ಸ್ಥಾನಕ್ಕೆ ಇಬ್ಬರು ಉಮೇದುವಾರರು. ಅವರಲ್ಲಿ ಆ ಅಕ್ಕನವರ ಹೆಸರು ಮತ್ತೆ ಇದೆ. ಬೇಡಿಕೆ ಹಿಂದಿನದೇ: ಕಟ್ಟಡ ನಿಧಿಯ ಜಮಾ-ಖರ್ಚು. ಮತದಾನವು ಬರುವ ರವಿವಾರ ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಎರಡರವರೆಗೆ. ರವಿವಾರ ಹೋಟೆಲಿನವರಿಗೆ ಗಿರಾಕಿಗಳ ದಿನವೆಂಬುದನ್ನು ಬಲ್ಲೆವು. ಆದರೂ ನಾವು ಹತ್ತು ಗಂಟೆಗೇ ಸರದಿಯಲ್ಲಿರುತ್ತೇವೆ.